ಘನಮಠದ ತಂದೆಗೆ ಅರಿಕೆ, ಕೆಳಗಿನ ಡಿವಿಷನ್ನುಗಳ ಪರವಾಗಿ

ಸಂತೆಕಲ್ಲೂರಿನ ಗದ್ದುಗೆಯ ಘನಮಠ ಶಿವಯೋಗಿ ತಂದೆ, ನಿನ್ನ ಮುಂದೆ ಬಂದು ನಿಲ್ಲುವವರು ಮಳೆ ಕೇಳುತ್ತಾರೆ, ತೊಗರಿಗೆ ಹತ್ತಿಗೆ ರೇಟು ಕೇಳುತ್ತಾರೆ, ಮಗಳಿಗೆ ಒಳ್ಳೆಯ ಮನೆ ಸಿಗಲಿ ಎಂದು ಕಾಯಿ ಒಡೆಸುತ್ತಾರೆ. ನಾನು ಇವತ್ತು ಬೇರೆ ಅರಿಕೆ ಹೊತ್ತು ಬಂದಿದ್ದೇನೆ. ಫುಟ್‌ಬಾಲ್ ಕ್ಲಬ್ಬುಗಳಿಗಾಗಿ ಕೇಳಿಕೊಳ್ಳಬೇಕಾಗಿದೆ. ಟಿವಿಯಲ್ಲಿ ಬರುವ ದೊಡ್ಡ ಕ್ಲಬ್ಬುಗಳಿಗಲ್ಲ, ಅವುಗಳ ಪರವಾಗಿ ಕೇಳುವವರು ಸಾಕಷ್ಟಿದ್ದಾರೆ. ಬೆಂಗಳೂರಿನ ಸೂಪರ್ ಡಿವಿಷನ್ನಿನ ಕೆಳಗೆ ಎ, ಬಿ, ಸಿ ಎಂದು ಡಿವಿಷನ್ನುಗಳಿವೆಯಲ್ಲ, ಅಲ್ಲಿ ವರ್ಷಕ್ಕೊಮ್ಮೆ ಹೆಸರು ಬರೆಸಿ, ಆಡಿ, ಸೋತು, ಮತ್ತೆ ಹೆಸರು ಬರೆಸುವ ತಂಡಗಳಿಗಾಗಿ. ಒಂದು ಕಾಲಕ್ಕೆ ದೇಶವನ್ನೇ ಗೆದ್ದು ಆಮೇಲೆ ಹಿಂದೆ ಸರಿದ ಕಾರ್ಖಾನೆ ತಂಡಗಳಿಗಾಗಿ.

ಮಠದಲ್ಲಿ ಕೇಳುವ ಮಾತೇ ಇದು ಎಂದು ಯಾರಾದರೂ ಅಂದಾರು. ನೀನು ಅನ್ನಲಾರೆ ಎಂಬ ಧೈರ್ಯ ನನಗಿದೆ. 19ನೇ ಶತಮಾನದಲ್ಲಿ ವಿರಕ್ತನಾಗಿದ್ದುಕೊಂಡು ನೀನು ಒಕ್ಕಲುತನದ ಮೇಲೆ ‘ಕೃಷಿ ಜ್ಞಾನ ಪ್ರದೀಪಿಕೆ’ ಬರೆದವನು. ಮೋಕ್ಷದ ದಾರಿ ಹೇಳುವವರಿಗೆ ಬರವಿರಲಿಲ್ಲ, ಹೊಲದ ದಾರಿ ಹೇಳುವವರು ಕಡಿಮೆ ಇದ್ದರು. ದುಡಿಯುವ ಮೈಯ ಮೇಲೆ, ಆ ಮೈ ತುಳಿಯುವ ನೆಲದ ಮೇಲೆ ನಿನಗೆ ಅಷ್ಟು ಅಕ್ಕರೆ ಇತ್ತು. ನಾನು ಕೇಳಬೇಕಾದದ್ದೂ ನೆಲದ ಮಾತು, ದುಡಿಯುವ ಮೈಯ ಮಾತು. ಆದ್ದರಿಂದ ಬೇರೆ ಯಾವ ಗುಡಿಗೂ ಹೋಗದೆ ಇಲ್ಲಿಗೇ ಬಂದೆ.

ನಮ್ಮ ಸೀಮೆಯಲ್ಲಿ ಫುಟ್‌ಬಾಲ್ ಹೆಚ್ಚು ಬಳಕೆಯ ಆಟವಲ್ಲ. ಕಬಡ್ಡಿ, ವಾಲಿಬಾಲ್, ಕುಸ್ತಿ, ಜಾತ್ರೆಗಳಲ್ಲಿ ಗುಂಡು ಎತ್ತುವುದು, ಈಗ ಎಲ್ಲೆಲ್ಲೂ ಕ್ರಿಕೆಟ್. ಲಿಂಗಸುಗೂರಿನಲ್ಲಿ ಹೈದರಾಬಾದ್ ಕಂಟಿಂಜೆಂಟಿನ ಛಾವಣಿ ಇತ್ತು, ದಂಡಿನವರು ಇದ್ದು ಹೋದರು, ಕಾಲ್ಚೆಂಡು ಮಾತ್ರ ಇಲ್ಲಿ ಬೇರು ಬಿಡಲಿಲ್ಲ. ಆದರೂ ಭಾರತದ ಫುಟ್‌ಬಾಲಿನ ಒಂದು ದೊಡ್ಡ ಹೆಸರು ಲಿಂಗಸುಗೂರು, ಸಿಂಧನೂರಿನ ದಲಾಲಿ ಅಂಗಡಿಗಳ ಗಲ್ಲೆಯ ಪಕ್ಕದಲ್ಲೇ ಕೂತಿತ್ತು. ಅದು ಕರಿ ಟೆಲಿಫೋನು. ರಿಸೀವರ್ ಎತ್ತಿದರೆ ಕೈಗೆ ಭಾರ. ಹತ್ತು ತೂತಿನ ಡಯಲ್ಲಿಗೆ ಬೆರಳಿಟ್ಟು ಕಡೆಯ ತನಕ ತಿರುಗಿಸಿ ಬಿಟ್ಟರೆ ಅದು ಗರಗರ ಎನ್ನುತ್ತಾ ತಾನಾಗಿ ಹಿಂದಕ್ಕೆ ಬರುತ್ತಿತ್ತು, ಆ ಸದ್ದು ಮುಗಿಯುವ ತನಕ ಮುಂದಿನ ಅಂಕಿ ತಿರುಗಿಸುವಂತಿಲ್ಲ. ಹತ್ತಿಯ ರೇಟು, ಸಾವಿನ ಸುದ್ದಿ, ಹೆರಿಗೆಯ ಸುದ್ದಿ, ಗುಳೆ ಹೋದವರ ಕ್ಷೇಮ, ಎಲ್ಲವೂ ಅದರೊಳಗಿಂದಲೇ ಬಂದವು. ಅದನ್ನು ಮಾಡಿದ್ದು ಐಟಿಐ, ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್. 1948ರಲ್ಲಿ ಬೆಂಗಳೂರಿನ ಕೆ.ಆರ್. ಪುರದ ಹತ್ತಿರ, ಮುಂದೆ ದೂರವಾಣಿನಗರವೆಂದೇ ಹೆಸರಾದ ಜಾಗದಲ್ಲಿ, ಸ್ವತಂತ್ರ ಭಾರತದ ಸರ್ಕಾರ ಕಟ್ಟಿದ ಮೊದಲ ಸಾರ್ವಜನಿಕ ಉದ್ದಿಮೆ ಅದು.

ಆ ಕಾರ್ಖಾನೆಗೆ ಒಂದು ಫುಟ್‌ಬಾಲ್ ತಂಡವಿತ್ತು, ತಂದೆ. ಐಟಿಐಗೆ ಮಾತ್ರವಲ್ಲ, ವಿಮಾನ ಮಾಡುವ ಎಚ್‌ಎಎಲ್‌ಗೆ ಇತ್ತು, ರೇಡಿಯೊ, ರಾಡಾರ್ ಮಾಡುವ ಬಿಇಎಲ್‌ಗೆ ಇತ್ತು, ಬೆಂಗಳೂರಿನ ಸೇನಾ ಕೇಂದ್ರಗಳಿಗೆ ಇತ್ತು. ಅದು ನಡೆಯುತ್ತಿದ್ದ ಬಗೆಯನ್ನು ನಿನ್ನ ಮುಂದೆ ಬಿಡಿಸಿ ಹೇಳಬೇಕು, ಏಕೆಂದರೆ ನನ್ನ ಬೇಡಿಕೆಯ ಜೀವ ಇರುವುದು ಅಲ್ಲೇ. ಗಲ್ಲಿಯಲ್ಲಿ ಚೆನ್ನಾಗಿ ಆಡುವ ಹುಡುಗನನ್ನು ಯಾರೋ ಹಿರಿಯ ಆಟಗಾರ ಗುರುತಿಸುತ್ತಾನೆ. ಹುಡುಗ ಟ್ರಯಲ್ಸಿಗೆ ಹೋಗುತ್ತಾನೆ. ಆಯ್ಕೆಯಾದರೆ ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ. ಬೆಳಿಗ್ಗೆ ಮೈದಾನದಲ್ಲಿ ಪ್ರಾಕ್ಟೀಸು, ಆಮೇಲೆ ಕಾರ್ಖಾನೆಯೊಳಗೆ ಮಿಷನ್ನಿನ ಮುಂದೆಯೋ ಸ್ಟೋರಿನಲ್ಲಿಯೋ ಕೆಲಸ. ಟೂರ್ನಿ ಬಂದಾಗ ರಜೆ. ಮಂಡಿ ತಿರುಚಿದರೆ ಕಂಪನಿಯ ಆಸ್ಪತ್ರೆ. ಆಡುವ ವಯಸ್ಸು ಮುಗಿದ ಮೇಲೂ ರಿಟೈರ್ ಆಗುವ ತನಕ ಸಂಬಳ, ಆಮೇಲೆ ಪಿಎಫ್, ಗ್ರ್ಯಾಚುಟಿ. ಮಗ ಚೆಂಡಿನ ಹಿಂದೆ ಓಡುತ್ತಾನೆ ಎಂದು ಬೈಯುತ್ತಿದ್ದ ತಾಯಿಯೇ ಬೂಟಿಗೆ ದುಡ್ಡು ಹೊಂದಿಸುತ್ತಿದ್ದಳು, ಏಕೆಂದರೆ ಆ ಬೂಟು ಒಂದು ಕ್ವಾರ್ಟರ್ಸಿನ ಬಾಗಿಲ ತನಕ ನಡೆದು ಹೋಗಬಲ್ಲದು ಎಂಬುದನ್ನು ಅವಳು ಪಕ್ಕದ ಮನೆಯಲ್ಲೇ ಕಂಡಿದ್ದಳು. ಬೆಂಗಳೂರಿನ ಹಲಸೂರು, ಆಸ್ಟಿನ್ ಟೌನ್, ಗೌತಮಪುರದ ಬಡ ಮನೆಗಳಲ್ಲಿ ಈ ಆಟ ತಲೆಮಾರುಗಟ್ಟಲೆ ಉಳಿದದ್ದರ ಹಿಂದೆ ಹುಚ್ಚು ಪ್ರೀತಿಯ ಜತೆಗೆ ಆ ಸಂಬಳವೂ ಇತ್ತು. ಪ್ರೀತಿಯೊಂದರಿಂದಲೇ ಉಳಿಯಿತು ಎನ್ನುವವರು ಹೊಟ್ಟೆ ತುಂಬಿದವರು.

1977ರ ಮಾತು ಕೇಳು, ತಂದೆ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಆ ವರ್ಷ ದೇಶದ ಕ್ಲಬ್ಬುಗಳಿಗಾಗಿ ಫೆಡರೇಷನ್ ಕಪ್ ಎಂಬ ಹೊಸ ಪಂದ್ಯಾವಳಿ ಶುರು ಮಾಡಿತು. ಮೊದಲ ಕೂಟ ಕೇರಳದ ಎರ್ನಾಕುಲಂನಲ್ಲಿ. ಫೈನಲ್ಲಿನಲ್ಲಿ ಒಂದು ಕಡೆ 1889ರಲ್ಲಿ ಹುಟ್ಟಿದ, 1911ರಲ್ಲಿ ಬಹುತೇಕ ಬರಿಗಾಲಲ್ಲೇ ಬ್ರಿಟಿಷ್ ಪಡೆಯ ತಂಡವನ್ನು ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದ ಕಲ್ಕತ್ತದ ಮೋಹನ್ ಬಾಗಾನ್. ಇನ್ನೊಂದು ಕಡೆ ಟೆಲಿಫೋನು ಕಾರ್ಖಾನೆಯ ನೌಕರರು. ಐಟಿಐ 1–0 ಗೋಲಿನಿಂದ ಗೆದ್ದಿತು. ದೇಶದ ಮೊದಲ ಫೆಡರೇಷನ್ ಕಪ್ಪು ದೂರವಾಣಿನಗರಕ್ಕೆ ಬಂತು. ಅದೇ ವರ್ಷದ ಸೆಪ್ಟೆಂಬರ್ 24ರಂದು ಇದೇ ಮೋಹನ್ ಬಾಗಾನ್ ಈಡನ್ ಗಾರ್ಡನ್ಸ್‌ನಲ್ಲಿ ಪೆಲೆ ಇದ್ದ ನ್ಯೂಯಾರ್ಕ್ ಕಾಸ್ಮೋಸ್ ತಂಡದ ಎದುರು 2–2ರ ಸಮ ಮಾಡಿಕೊಂಡಿತು. ಆ ಪಂದ್ಯವನ್ನು ಭಾರತ ಇನ್ನೂ ನೆನೆಯುತ್ತದೆ. ಪೆಲೆಯ ತಂಡಕ್ಕೂ ಬಗ್ಗದ ಬಾಗಾನನ್ನು ಬಗ್ಗಿಸಿದವರು ನಮ್ಮ ದಲಾಲಿ ಅಂಗಡಿಯ ಫೋನು ಜೋಡಿಸುತ್ತಿದ್ದ ಮನೆಯವರು ಎಂಬುದನ್ನು ನೆನೆಯುವವರು ಕಡಿಮೆ.

ನಮ್ಮ ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರು ಎರಡು ಸಾವಿರ ವರ್ಷ ದಾಟಿ ಉಳಿಯಿತು. 1915ರಲ್ಲಿ ಅದನ್ನು ಕಂಡ ಮೇಲೆಯೇ ಶಾಸನಗಳಲ್ಲಿ ಬರುವ ‘ದೇವಾನಾಂಪ್ರಿಯ’ ಯಾರೆಂಬುದು ಗಟ್ಟಿಯಾಯಿತು. ಹೆಸರು ಬರೆಸುವುದರ ಬೆಲೆ ನಮ್ಮ ತಾಲ್ಲೂಕಿನವರಿಗೆ ಗೊತ್ತು. ಎರ್ನಾಕುಲಂನಲ್ಲಿ ಆಡಿದ ಆ ಹನ್ನೊಂದು ಜನರ, ಬೆಂಚಿನಲ್ಲಿ ಕೂತಿದ್ದವರ, ಅವರಿಗೆ ಆಟ ಹೇಳಿಕೊಟ್ಟವರ ಹೆಸರುಗಳನ್ನು ದೂರವಾಣಿನಗರದ ಗೇಟಿನ ಬಳಿ ಒಂದು ಕಲ್ಲಿನ ಮೇಲೆ ಕೆತ್ತಿಸುವ ಮನಸ್ಸನ್ನು ಯಾರಿಗಾದರೂ ಕೊಡು. ಇದು ನನ್ನ ಮೊದಲ ಬೇಡಿಕೆ. ಇದಕ್ಕೆ ಹೆಚ್ಚು ದುಡ್ಡು ಬೇಕಾಗುವುದಿಲ್ಲ.

ಇದಕ್ಕೂ ಹಿಂದಿನ ಸಾಲವೊಂದಿದೆ. ಮುಂಬಯಿಯ ರೋವರ್ಸ್ ಕಪ್ 1891ರಲ್ಲಿ ಶುರುವಾಯಿತು. ನಲವತ್ತೈದು ವರ್ಷದ ಮೇಲೂ ಅದು ಬ್ರಿಟಿಷ್ ಪಡೆಗಳ ತಂಡಗಳ ಕೈಯಲ್ಲೇ ಇತ್ತು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡ ಕಲ್ಕತ್ತದ್ದಲ್ಲ, ಮುಂಬಯಿಯದ್ದಲ್ಲ, ಬೆಂಗಳೂರು ಮುಸ್ಲಿಮ್ಸ್. ಮರುವರ್ಷ 1938ರಲ್ಲಿ ಮತ್ತೆ ಗೆದ್ದರು, ಸ್ವಾತಂತ್ರ್ಯ ಬಂದ ಮೇಲೆ 1948ರಲ್ಲಿ ಇನ್ನೊಮ್ಮೆ. ದಂಡು ಪ್ರದೇಶದ ಓಣಿಗಳಲ್ಲಿ, ಸೋಲ್ಜರುಗಳು ಆಡಿ ಬಿಟ್ಟ ಬಯಲುಗಳಲ್ಲಿ ಆಟ ಕಲಿತ ಊರು ಅದು. ಆ ಕ್ಲಬ್ಬಿನಲ್ಲಿ ಆಡಿದ ಅಹ್ಮದ್ ಖಾನ್ ಕಲ್ಕತ್ತದ ಈಸ್ಟ್ ಬೆಂಗಾಲ್ ಸೇರಿ ಅಲ್ಲಿನ ಐವರು ಫಾರ್ವರ್ಡುಗಳಾದ ‘ಪಂಚ ಪಾಂಡವರ’ಲ್ಲಿ ಒಬ್ಬನಾದ. ಜತೆಗೆ ಬೆಂಗಳೂರಿನವನೇ ಆದ ಧನರಾಜ್ ಇದ್ದ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಎದುರು ಭಾರತ 10–1ರಿಂದ ಸೋತಾಗ ಆ ಒಂದು ಗೋಲು ಅಹ್ಮದ್ ಖಾನನದು. ಅದಕ್ಕೂ ಮುಂಚೆ, 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಆಡಿದ ಭಾರತ ಫ್ರಾನ್ಸಿಗೆ 2–1ರಿಂದ ಸೋತಿತು. ಎರಡು ಪೆನಾಲ್ಟಿ ಕೈತಪ್ಪಿದ ಆ ದಿನ ಸ್ವತಂತ್ರ ಭಾರತದ ಮೊದಲ ಗೋಲು ಹೊಡೆದವನು ಮೈಸೂರು ರಾಜ್ಯದ ಪರವಾಗಿ ಆಡುತ್ತಿದ್ದ ಸಾರಂಗಪಾಣಿ ರಾಮನ್.

ರಾಜ್ಯ ರಾಜ್ಯಗಳ ತಂಡಗಳು ಆಡುವ ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ 1946–47ರಲ್ಲಿ, 1952–53ರಲ್ಲಿ, ಮತ್ತೆ 1967–68, 1968–69ರಲ್ಲಿ ಬೆನ್ನುಬೆನ್ನಿಗೆ ಗೆದ್ದಿತು. ಆಮೇಲೆ ಅರ್ಧ ಶತಮಾನಕ್ಕೂ ಮಿಕ್ಕಿ ಬರ. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ ಅದನ್ನು ಮನೆಗೆ ತಂದಿತು. ಆ ರಾತ್ರಿ ಸುದ್ದಿ ನೋಡಿ ನನ್ನ ಕಣ್ಣು ತುಂಬಿತ್ತು. ನಮ್ಮ ರಾಯಚೂರು ಜಿಲ್ಲೆಯ ಯಾವ ಸರ್ಕಲ್ಲಿನಲ್ಲೂ ಪಟಾಕಿ ಹಾರಿದ್ದು ನನಗೆ ಕಾಣಲಿಲ್ಲ.

ಇನ್ನು ಬೀಳುಗಾಲದ ಮಾತು. ಅದನ್ನು ಹೇಳದೆ ಬೇಡುವುದು ವೈದ್ಯನಿಗೆ ರೋಗ ಹೇಳದೆ ಔಷಧ ಕೇಳಿದಂತಾಗುತ್ತದೆ. ಟೆಲಿಫೋನು ಬದಲಾಯಿತು. ಡಯಲ್ ಹೋಗಿ ಬಟನ್ ಬಂತು, ವೈರು ಹೋಗಿ ಮೊಬೈಲು ಬಂತು, ಹೊರದೇಶದ ಕಂಪನಿಗಳ ಸರಕು ಬಂತು. ಐಟಿಐ ನಷ್ಟಕ್ಕೆ ಬಿದ್ದು ರೋಗಗ್ರಸ್ತ ಉದ್ದಿಮೆಗಳ ಪಟ್ಟಿಗೆ ಸೇರಿತು, ಸಾವಿರಾರು ನೌಕರರು ಸ್ವಯಂ ನಿವೃತ್ತಿ ಪಡೆದು ಮನೆಗೆ ನಡೆದರು. ಕೆಲಸಕ್ಕೇ ಹೊಸಬರನ್ನು ತೆಗೆದುಕೊಳ್ಳದ ಕಾರ್ಖಾನೆ ಆಟಕ್ಕೆ ಹೊಸಬರನ್ನು ಎಲ್ಲಿಂದ ತಂದೀತು? ತಂಡ ಎಂದರೆ ಪ್ರತಿ ವರ್ಷ ಇಬ್ಬರೋ ಮೂವರೋ ಇಪ್ಪತ್ತರ ಹುಡುಗರು ಒಳಗೆ ಬರಬೇಕು. ಬಾರದಿದ್ದರೆ ಸೋಲಿಗೆ ಎದುರಾಳಿ ಬೇಕಾಗಿಲ್ಲ, ವಯಸ್ಸು ಸಾಕು. ನಲವತ್ತರ ಹತ್ತಿರ ಬಂದ ಡಿಫೆಂಡರು ಹತ್ತೊಂಬತ್ತರ ಹುಡುಗನ ಹಿಂದೆ ಓಡುವುದನ್ನು ನೋಡುವುದು ಸಂಕಟ.

ಎಚ್‌ಎಎಲ್ ಇನ್ನೂ ಸ್ವಲ್ಪ ಕಾಲ ಗಟ್ಟಿಯಾಗಿ ನಿಂತಿತು. ಆಗ ದೇಶದ ಅತಿ ಮೇಲಿನ ಲೀಗಾಗಿದ್ದ ಐ-ಲೀಗಿನ ಎರಡನೇ ಡಿವಿಷನ್ನಿನಿಂದ 2010ರಲ್ಲಿ ತೈಲ ಕಂಪನಿ ಒಎನ್‌ಜಿಸಿಯ ಜತೆ ಮೇಲಕ್ಕೆ ಏರಿತು. ಕಲ್ಕತ್ತ, ಗೋವಾದ ಹಣವಂತ ಕ್ಲಬ್ಬುಗಳ ಎದುರು, ವಿದೇಶಿ ಸ್ಟ್ರೈಕರುಗಳ ಎದುರು, ಕಾರ್ಖಾನೆಯ ತಂಡ ಎರಡು ಸೀಸನ್ ಆಡಿತು. 2011–12ರಲ್ಲಿ ಪಟ್ಟಿಯ ಕಟ್ಟಕಡೆಗೆ ಬಂದು ಮತ್ತೆ ಕೆಳಗಿಳಿಯಿತು. ಇಳಿಯುವುದು ಆಟದ ಧರ್ಮ, ಅದರಲ್ಲಿ ನನಗೆ ದೂರಿಲ್ಲ. ಇಳಿದವನಿಗೆ ಮತ್ತೆ ಹತ್ತುವ ದಾರಿ ಇರಬೇಕು ಎಂಬುದಷ್ಟೇ ನನ್ನ ವಾದ. ಮರುವರ್ಷ, 2013ರಲ್ಲಿ, ಏಷ್ಯನ್ ಫುಟ್‌ಬಾಲ್ ಒಕ್ಕೂಟದ ಲೈಸೆನ್ಸ್ ನಿಯಮ ಪಾಲಿಸಿಲ್ಲವೆಂದು ಏರ್ ಇಂಡಿಯಾ ಮತ್ತು ಒಎನ್‌ಜಿಸಿ ತಂಡಗಳನ್ನು ಐ-ಲೀಗಿನಿಂದಲೇ ಹೊರಗಿಟ್ಟರು. ಕ್ಲಬ್ಬು ತಾನೇ ಒಂದು ಕಂಪನಿಯಾಗಿ ನೋಂದಣಿಯಾಗಿರಬೇಕು, ಕಿರಿಯರ ತಂಡಗಳಿರಬೇಕು, ಲೆಕ್ಕಪತ್ರ ಬೇರೆಯಾಗಿರಬೇಕು ಎಂಬುದು ನಿಯಮ. ಅದರಲ್ಲಿ ಒಳ್ಳೆಯದೂ ಇದೆ; ಕಿರಿಯರ ತಂಡ ಕಟ್ಟು ಎಂದು ಗದರಿಸಿ ಹೇಳುವ ನಿಯಮ ನಮಗೆ ಬೇಕಾಗಿತ್ತು. ಆದರೆ ನೂರಾರು ಆಟಗಾರರಿಗೆ ಬದುಕಿನುದ್ದಕ್ಕೂ ಅನ್ನ ಕೊಟ್ಟ ಪದ್ಧತಿಯೊಂದನ್ನು ಕಾಗದ ಸರಿಯಿಲ್ಲವೆಂದು ಬಾಗಿಲ ಹೊರಗೆ ನಿಲ್ಲಿಸುವಾಗ, ಆ ಅನ್ನವನ್ನು ಇನ್ನು ಮುಂದೆ ಯಾರು ಕೊಡುತ್ತಾರೆ ಎಂದು ಯಾರೂ ಕೇಳಲಿಲ್ಲ. ಅದು ತಪ್ಪು ಎಂದು ನಿನ್ನ ಗದ್ದುಗೆಯ ಮುಂದೆ ನಿಂತು ಹೇಳುತ್ತೇನೆ.

ಅದೇ 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿತು. ತನ್ನ ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆದ್ದಿತು, 2016ರಲ್ಲಿ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ಪಿನ ಫೈನಲ್ ತನಕ ಹೋಯಿತು. ಆ ಕ್ಲಬ್ಬಿನ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ, ತಂದೆ. ಕಂಠೀರವ ಕ್ರೀಡಾಂಗಣ ನೀಲಿಯಾಗಿ ತುಂಬಿದ್ದನ್ನು ಕಂಡು ಹಿಗ್ಗಿದವರಲ್ಲಿ ನಾನೂ ಒಬ್ಬ. ಆದರೆ ಒಂದು ಊರಿನಲ್ಲಿ ಒಂದು ದೊಡ್ಡ ಕ್ಲಬ್ಬಿದ್ದರೆ ಆಟ ಉಳಿಯಿತು ಎಂದಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಮೇಲ್ಭಾಗದಲ್ಲಿ ಎರಡು ಬೆಳೆ ಭತ್ತ ನಿಂತಿರುತ್ತದೆ, ಕೊನೆ ಭಾಗದ ರೈತ ಗೇಜು ಎಷ್ಟು ಅಡಿ ಇದೆ ಎಂದು ಕೇಳುತ್ತಾ ಒಣಗಿದ ಉಪಕಾಲುವೆಯ ದಂಡೆಯ ಮೇಲೆ ಕೂತಿರುತ್ತಾನೆ. ಫುಟ್‌ಬಾಲಿನ ಹಣವೂ ಹಾಗೇ ಮೇಲೆಯೇ ಇಂಗುತ್ತದೆ. ಸಿ ಡಿವಿಷನ್ ಎಂದರೆ ಕೊನೆ ಭಾಗ.

ಆ ಕೊನೆ ಭಾಗದ ಒಂದು ಬೆಳಗನ್ನು ನಿನಗೆ ತೋರಿಸುತ್ತೇನೆ. ಪಂದ್ಯ ಬೇಗ. ಕ್ಲಬ್ಬಿನ ಸೆಕ್ರೆಟರಿ ಎಂದರೆ ಅರವತ್ತು ದಾಟಿದ, ಹಿಂದೆ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದ ಒಬ್ಬ ಹಿರಿಯ. ಅವನ ಕೈಯಲ್ಲಿ ಒಂದು ಬಟ್ಟೆಯ ಚೀಲ. ಒಳಗೆ ಆಟಗಾರರ ಫೋಟೊ ಅಂಟಿಸಿದ ಕಾರ್ಡುಗಳು, ಎರಡು ಪೆನ್ನು, ಗ್ಲೂಕೋಸಿನ ಡಬ್ಬಿ, ಒಂದು ಉರುಳೆ ಬಿಳಿ ಪ್ಲಾಸ್ಟರ್. ಜೆರ್ಸಿಗಳನ್ನು ಹುಲ್ಲಿನ ಮೇಲೆ ಹರವಿ ಎಣಿಸುತ್ತಾನೆ. ಏಳನೇ ನಂಬರಿನದು ಕಾಣುವುದಿಲ್ಲ. ನಂಬರಿಲ್ಲದ ಅಂಗಿಯೊಂದನ್ನು ಹುಡುಗನ ಮೈಮೇಲೇ ತೊಡಿಸಿ, ಬೆನ್ನು ತಿರುಗಿಸು ಎಂದು ಹೇಳಿ, ಪ್ಲಾಸ್ಟರನ್ನು ಹಲ್ಲಿನಿಂದ ಕಚ್ಚಿ ತುಂಡರಿಸಿ ಏಳು ಬರೆಯುತ್ತಾನೆ. ರೆಫ್ರಿ ಬಂದು ನೋಡಿ, ತುದಿ ಎದ್ದಿದ್ದನ್ನು ತಾನೇ ಹೆಬ್ಬೆರಳಿನಿಂದ ಒತ್ತಿ ಸರಿ ಮಾಡಿ ಮುಂದೆ ಹೋಗುತ್ತಾನೆ. ಎರಡನೇ ಹಾಫಿನಲ್ಲಿ ಬದಲಿ ಆಟಗಾರ ಒಳಗೆ ಹೋಗಬೇಕು, ಅವನ ಬೂಟಿನ ಅಟ್ಟೆ ಕಿತ್ತಿದೆ. ಹೊರಗೆ ಬಂದವನು ಸುಣ್ಣದ ಗೆರೆಯ ಪಕ್ಕದಲ್ಲೇ ಕೂತು ತನ್ನ ಬೂಟು ಬಿಚ್ಚಿ ಕೊಡುತ್ತಾನೆ. ಅಳತೆ ದೊಡ್ಡದು, ಮುಂದೆ ಪೇಪರು ತುರುಕುತ್ತಾರೆ. ಲೇಸು ಕಟ್ಟುವುದು ಮುಗಿಯುವ ತನಕ ತಂಡ ಹತ್ತೇ ಜನರಲ್ಲಿ ಆಡುತ್ತದೆ. ಆಮೇಲೆ ಆ ಹುಡುಗ ಇನ್ನೊಬ್ಬನ ಬೂಟಿನಲ್ಲಿ ಎಡಗಡೆಯ ಗೆರೆ ಹಿಡಿದು ಓಡುತ್ತಾನೆ. ಪಂದ್ಯ ಮುಗಿದ ಮೇಲೆ ಬೆವರಿನ ಜೆರ್ಸಿಗಳನ್ನೆಲ್ಲ ಅದೇ ಚೀಲಕ್ಕೆ ತುಂಬಿ ಸೆಕ್ರೆಟರಿ ಬಸ್ಸಿಗೆ ನಿಲ್ಲುತ್ತಾನೆ, ಅವು ತೊಳೆದು ಒಣಗುವುದು ಅವನ ಮನೆಯ ಮಾಳಿಗೆಯಲ್ಲಿ.

ಈ ಮನುಷ್ಯನನ್ನು ಕಾಪಾಡು, ತಂದೆ. ಇವನ ಮಂಡಿ ನೋವು ತಡೆ. ಇವನ ಮನೆ ನಡೆಸುವ ತಾಯಿಗೆ ಬೇಸರ ಬಾರದಿರಲಿ. ಇವನಂಥವರು ಊರಿಗೆ ಹತ್ತು ಜನ ಸುಮ್ಮನಾದರೆ ಡಿವಿಷನ್ನುಗಳ ಪಟ್ಟಿಯಲ್ಲಿ ಹತ್ತು ಹೆಸರು ಅಳಿಯುತ್ತವೆ. ಇವನು ಸೋತ ಪಂದ್ಯಗಳ ಲೆಕ್ಕವನ್ನು ಯಾರೂ ಕೇಳದಿರಲಿ.

ಹಲಸೂರಿನ ಗೌತಮಪುರಕ್ಕೂ ನಿನ್ನ ದೃಷ್ಟಿ ಬೀಳಲಿ. ಅಲ್ಲಿ ಅಂಬೇಡ್ಕರರ, ಬುದ್ಧನ, ಮದರ್ ತೆರೇಸಾರ ಪ್ರತಿಮೆಗಳ ಜತೆಯಲ್ಲಿ ಪೆಲೆಯ ಪ್ರತಿಮೆ ಇದೆ. ವಿಶ್ವಕಪ್ ಬಂದರೆ ಓಣಿಗೆ ಓಣಿಯೇ ಬ್ರೆಜಿಲ್ಲಿನ ಹಳದಿ ಹೊದೆಯುತ್ತದೆ. ಪೆಲೆಯ ಕೊರಳಿಗೆ ಹಾರ ಹಾಕಿ ನೆನೆಯುವ ಆ ಜನ ತಮ್ಮ ಮಕ್ಕಳನ್ನು ಚೆಂಡಿನ ಜತೆ ಬಿಡಲು ಜಾಗ ಹುಡುಕುತ್ತಾರೆ. ಆಸ್ಟಿನ್ ಟೌನಿನಿಂದ ಹೊರಟ ಕಾರ್ಲ್‌ಟನ್ ಚಾಪ್‌ಮನ್ ದೇಶದ ತಂಡದ ನಾಯಕನಾಗಿ, 2020ರ ಅಕ್ಟೋಬರ್ 12ರಂದು ಇನ್ನೂ ಐವತ್ತು ತುಂಬುವ ಮೊದಲೇ ತೀರಿಕೊಂಡ. ಅಂಥ ಮಿಡ್‌ಫೀಲ್ಡರ್ ಮತ್ತೆ ಆ ಓಣಿಗಳಲ್ಲಿ ಹುಟ್ಟಲಿ ಎಂದು ನಾನು ಬೇಡುವುದಿಲ್ಲ, ಹುಟ್ಟಿಯೇ ಇರುತ್ತಾನೆ. ಅವನಿಗೆ ಆಡುವ ಜಾಗ ಕೊಡು.

ಜಾಗದ ಮಾತು ಬಂದಾಗ ನಮ್ಮವರ ಹೆಸರೂ ಬರುತ್ತದೆ. ಮಸ್ಕಿ, ಲಿಂಗಸುಗೂರು, ಸಿಂಧನೂರು ಕಡೆಯ ಒಣಭೂಮಿಯ ಜನ ಮಳೆ ಕೈಕೊಟ್ಟ ವರ್ಷ ಗುಳೆ ಹೊರಟು ಬೆಂಗಳೂರು ಸೇರುತ್ತಾರೆ. ಕೆ.ಆರ್. ಪುರ, ಮಹದೇವಪುರ, ವೈಟ್‌ಫೀಲ್ಡ್ ಕಡೆ ಬಿಲ್ಡಿಂಗ್ ಕೆಲಸ. ಖಾಲಿ ಬಯಲಿಗೆ ತಗಡಿನ ಬೇಲಿ ಬೀಳುತ್ತದೆ, ಮರುದಿನದಿಂದ ಅದರೊಳಗೆ ಮಣ್ಣು ಹೊರುವವರು, ಸೆಂಟ್ರಿಂಗ್ ಕಟ್ಟುವವರು ನಮ್ಮ ಅಕ್ಕ, ಕಾಕಾ, ಸೋದರಮಾವಂದಿರು. ನಿನ್ನೆಯ ತನಕ ಆ ಬಯಲಿನಲ್ಲಿ ಎರಡು ಕಲ್ಲಿಟ್ಟು ಗೋಲು ಮಾಡಿಕೊಂಡಿದ್ದ ಹುಡುಗರು ಬೇಲಿಯ ಆಚೆ ನಿಂತಿರುತ್ತಾರೆ. ಈಚೆ ಶೆಡ್ಡಿನ ಮುಂದೆ ನಮ್ಮ ಮಕ್ಕಳು ನಿಂತಿರುತ್ತಾರೆ. ಯಾರ ಮೇಲೂ ಯಾರಿಗೂ ಸಿಟ್ಟು ಬರುವಂತಿಲ್ಲ, ಕೂಲಿ ಮಾಡಿದವರ ತಪ್ಪಲ್ಲ ಅದು. ಕಟ್ಟಿಸುವವರಿಗೆ ಬುದ್ಧಿ ಕೊಡು. ನಕ್ಷೆಯಲ್ಲಿ ಮೈದಾನಕ್ಕೆಂದು ತೋರಿಸಿದ ಜಾಗ ಮೈದಾನವಾಗಿಯೇ ಉಳಿಯಲಿ. ಅದರ ಗೇಟಿಗೆ ಬೀಗ ಬೀಳದಿರಲಿ, ಗಂಟೆಗೆ ಇಷ್ಟು ಎಂದು ಬಾಡಿಗೆ ಕೊಡಲಾರದವನಿಗೂ ಒಂದು ಹೊತ್ತು ಮೀಸಲಿರಲಿ.

ಹೆಣ್ಣುಮಕ್ಕಳನ್ನು ಮರೆತು ಬೇಡಿದರೆ ಬೇಡಿಕೆ ಅರ್ಧ. ಬೆಂಗಳೂರಿನ ಕಿಕ್‌ಸ್ಟಾರ್ಟ್ ಕ್ಲಬ್ಬಿನ ಹುಡುಗಿಯರು 2023ರಲ್ಲಿ ಭಾರತೀಯ ಮಹಿಳಾ ಲೀಗಿನ ಫೈನಲ್ ಆಡಿದರು, ಗೋಕುಲಂ ಎದುರು 5–0ರಿಂದ ಸೋತರು. ಆ ಸೋಲನ್ನು ನಾನು ಸೋಲೆಂದು ಎಣಿಸುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಹದಿನೈದು ತುಂಬುವ ಮೊದಲೇ ಗಂಡು ನೋಡಲು ಶುರು ಮಾಡುವ ಮನೆಗಳಿವೆ. ಓಡುವ ಕಾಲಿಗೆ ಬೇರೆ ದಾರಿಯೂ ಇದೆ ಎಂದು ಆ ಮನೆಗಳಿಗೆ ತಿಳಿಯಲಿ.

ಏರಿ ಇಳಿದವರನ್ನೂ ನೋಡು. ಎಸ್‌ಸಿ ಬೆಂಗಳೂರು 2023–24ರಲ್ಲಿ ಐ-ಲೀಗ್ 2 ಗೆದ್ದು ಮೇಲಕ್ಕೆ ಹೋಯಿತು, ಒಂದೇ ಸೀಸನ್ನಿಗೆ ಮತ್ತೆ ಕೆಳಗೆ ಬಂತು. 2025ರಲ್ಲಿ ದೇಶದ ಅತಿ ದೊಡ್ಡ ಲೀಗೇ ಒಪ್ಪಂದದ ಗೊಂದಲದಲ್ಲಿ ತಡೆದು ನಿಂತು ಆಟಗಾರರು ಸಂಬಳಕ್ಕೆ ಕಂಗಾಲಾದರು. ಮೇಲಿನ ಮಾಳಿಗೆ ಅಲ್ಲಾಡುವಾಗ ಕೆಳಗಿನ ಗೋಡೆಗಳನ್ನು ಗಟ್ಟಿ ಮಾಡಬೇಕೆಂಬ ಅರಿವು ಆಟ ನಡೆಸುವವರಿಗೆ ಬರಲಿ.

ಕಡೆಯದಾಗಿ ನಮ್ಮ ನೆಲದ ಬೇಡಿಕೆ. ಇದಕ್ಕಾಗಿಯೇ ಇಷ್ಟೆಲ್ಲ ಹೇಳಿದೆ. ನಮ್ಮ ಪಕ್ಕದಲ್ಲೇ ಹಟ್ಟಿ ಚಿನ್ನದ ಗಣಿ ಇದೆ. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಎಂಬ ಹೆಸರಿನಲ್ಲಿ ಶುರುವಾದ ಕಂಪನಿ, ಈಗ ರಾಜ್ಯ ಸರ್ಕಾರದ್ದು. ಅದರ ಅಣ್ಣನಂತಿದ್ದ ಕೋಲಾರದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಅಲ್ಲಿಯೂ ಗಣಿಯ ಲೈನುಗಳಲ್ಲಿ ಫುಟ್‌ಬಾಲ್ ಇತ್ತು, ಶಿಫ್ಟು ಮುಗಿಸಿ ಮೇಲೆ ಬಂದವರು ಚೆಂಡು ಹಿಡಿದು ಬಯಲಿಗೆ ಹೋಗುತ್ತಿದ್ದರು. ಗಣಿ ಮುಚ್ಚಿದ ಮೇಲೆ ಅವರ ಮಕ್ಕಳು ಬೆಳಗಾಗುವ ಮುಂಚೆ ಬೆಂಗಳೂರಿನ ಟ್ರೇನು ಹತ್ತುವವರಾದರು. ಹಟ್ಟಿಯ ಗಾಲಿ ಇನ್ನೂ ತಿರುಗುತ್ತಿದೆ. ಭೂಮಿಯ ಕೆಳಗೆ ದುಡಿಯುವ ಸಾವಿರಾರು ಜನ ಅಲ್ಲಿದ್ದಾರೆ, ಅವರಿಗೆ ಕ್ವಾರ್ಟರ್ಸು, ಆಸ್ಪತ್ರೆ, ತಿಂಗಳ ಸಂಬಳ ಇದೆ. ಐಟಿಐಯ ಬಳಿ 1977ರಲ್ಲಿ ಇದ್ದದ್ದು ಇಷ್ಟೇ. ಈ ಗೇಟು ತೆರೆದಿರುವಾಗಲೇ ಇದರ ಹೆಸರು ಹೊತ್ತ ತಂಡವೊಂದು ಬೆಂಗಳೂರಿನ ಸಿ ಡಿವಿಷನ್ನಿನಲ್ಲಿ ಹೆಸರು ಬರೆಸಲಿ. ನೇಮಕಾತಿಯ ಆದೇಶ ಹೊರಡುವಾಗ ಆಡುವ ಹುಡುಗರಿಗೂ ನಾಲ್ಕು ಜಾಗ ಇರಲಿ, ಅವುಗಳಿಗೆ ಮಸ್ಕಿಯ, ಮುದಗಲ್ಲಿನ, ಸಂತೆಕಲ್ಲೂರಿನ ಮಕ್ಕಳೂ ಅರ್ಜಿ ಹಾಕುವಂತಾಗಲಿ. ಮೊದಲ ವರ್ಷ ಎಲ್ಲ ಪಂದ್ಯ ಸೋತರೂ ಎರಡನೇ ವರ್ಷದ ಫೀಸು ಕಟ್ಟುವ ಗಟ್ಟಿತನ ಆ ಕಂಪನಿಯ ಸಾಹೇಬರಿಗೆ ಕೊಡು.

ನನ್ನ ಹರಕೆ ಇದು, ತಂದೆ: ಆ ತಂಡ ತನ್ನ ಮೊದಲ ಪಂದ್ಯ ಆಡಲು ಹೊರಡುವ ದಿನ ಬೆಳಿಗ್ಗೆ ನಿನ್ನ ಗದ್ದುಗೆಗೆ ಚೆಂಡು ಮುಟ್ಟಿಸಿ, ಸಂತೆಕಲ್ಲೂರಿನಿಂದ ಎರಡು ಬಸ್ಸು ಜನ ತುಂಬಿಸಿಕೊಂಡು ಮೈದಾನಕ್ಕೆ ಕರೆದುಕೊಂಡು ಹೋಗುತ್ತೇನೆ. ಡೀಸೆಲ್ಲು, ಬುತ್ತಿ, ಹಲಗಿ ಬಾರಿಸುವವರ ಖರ್ಚು ನನ್ನದು.